ಐಸಿಯುಗೊಂದು ಅಂಕಿ, ಆಸ್ಪತ್ರೆಗೊಂದು ಅಂಕಿ: ವಾರ್ಡ್‌ವಾರು ಆ್ಯಂಟಿಬಯೋಗ್ರಾಮ್ ಮಾಡುವುದು, ಓದುವುದು ಹೇಗೆ?

ಪ್ರಶ್ನೆ: ನಮ್ಮ ಆಸ್ಪತ್ರೆಯ ವಾರ್ಷಿಕ ಆ್ಯಂಟಿಬಯೋಗ್ರಾಮ್‌ನಲ್ಲಿ (ಯಾವ ಬ್ಯಾಕ್ಟೀರಿಯಾಗೆ ಯಾವ ಆ್ಯಂಟಿಬಯಾಟಿಕ್ ಶೇಕಡಾ ಎಷ್ಟರಲ್ಲಿ ನಾಟುತ್ತದೆ ಎಂಬ ಪಟ್ಟಿ) ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗೆ ಮೆರೊಪೆನೆಮ್ ಔಷಧದ ಸಂವೇದನೆ ಶೇ 72 ಎಂದಿದೆ. ನಾನು ಕೆಲಸ ಮಾಡುವ ಐಸಿಯುನ ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಗಳನ್ನಷ್ಟೇ ಕೂಡಿ ಲೆಕ್ಕ ಹಾಕಿದರೆ ಶೇ 38 ಬರುತ್ತದೆ. ಇದರ ಜೊತೆಗೆ ಇ. ಕೊಲೈಗೆ ಸಿಪ್ರೊಫ್ಲಾಕ್ಸಸಿನ್ ಸಂವೇದನೆ ಹೋದ ವರ್ಷಕ್ಕಿಂತ ಈ ವರ್ಷ ಒಮ್ಮೆಗೇ ಇಳಿದಿದೆ. ಯಾವ ಅಂಕಿಯನ್ನು ನಂಬಬೇಕು? ವಾರ್ಡ್‌ಗೊಂದು ಪಟ್ಟಿ ಮಾಡುವುದು ಸರಿಯೇ? ಮಾಡಿದರೆ ಔಷಧ ಆರಿಸಲು ಅದನ್ನು ಬಳಸುವುದು ಹೇಗೆ?

ಉತ್ತರ: ಎರಡನ್ನೂ ಇದ್ದ ಹಾಗೆಯೇ ನಂಬಬೇಡಿ. ಶೇ 72 ಎಂಬುದು ಇಡೀ ಆಸ್ಪತ್ರೆಯ ಮಿಶ್ರಣ, ಅದು ನಿಮ್ಮ ಐಸಿಯು ರೋಗಿಗೆ ಹೊಂದುವುದಿಲ್ಲ. ಶೇ 38 ನಿಮ್ಮ ವಾರ್ಡ್‌ನದೇ ಆದರೂ, ಬಂದ ವರದಿಗಳನ್ನೆಲ್ಲ ಕೂಡಿದ್ದರೆ ಅದು ನಿಜಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು. ವಾರ್ಡ್‌ಗೊಂದು ಪಟ್ಟಿ ಮಾಡುವುದು ಸರಿ, ಐಸಿಯುಗಂತೂ ಮಾಡಲೇಬೇಕು. ಆದರೆ ಎಣಿಕೆಯ ನಿಯಮ ಬಿಗಿಯಾಗಿರಬೇಕು. ಆ್ಯಂಟಿಬಯೋಗ್ರಾಮ್‌ನಲ್ಲಿ ನಡೆಯುವ ತಪ್ಪುಗಳಲ್ಲಿ ದೊಡ್ಡ ಪಾಲು ಯಾರನ್ನು ಎಣಿಸಿದೆವು, ಯಾರನ್ನು ಬಿಟ್ಟೆವು ಎಂಬಲ್ಲೇ ಹುಟ್ಟುತ್ತದೆ. ಛೇದದಲ್ಲಿ ಏನಿದೆ ಎಂದು ತಿಳಿಯದ ಶೇಕಡಾವಾರನ್ನು ಓದಿ ಔಷಧ ಬರೆಯುವುದು ಅಪಾಯ.

ಮೊದಲು ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಉದಾಹರಣೆಗೆ ವರ್ಷದಲ್ಲಿ 200 ರೋಗಿಗಳಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆದಿದೆ ಎಂದುಕೊಳ್ಳಿ. ಅವರಲ್ಲಿ 50 ಮಂದಿ ಐಸಿಯುನವರು, 150 ಮಂದಿ ಉಳಿದ ವಾರ್ಡ್‌ಗಳವರು. ಪ್ರತಿ ರೋಗಿಯ ಮೊದಲ ಐಸೊಲೇಟ್ (ಮಾದರಿಯಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಮಾತ್ರ ಎಣಿಸಿದಾಗ ಐಸಿಯುನಲ್ಲಿ 23, ಉಳಿದೆಡೆ 121 ಮೆರೊಪೆನೆಮ್‌ಗೆ ಸೆನ್ಸಿಟಿವ್, ಅಂದರೆ ಔಷಧ ನಾಟುವಂಥವು. ಒಟ್ಟು 144, ಅಂದರೆ 200ಕ್ಕೆ ಶೇ 72. ಉಳಿದ ವಾರ್ಡ್‌ಗಳದು ಶೇ 81, ಐಸಿಯುನದು ಶೇ 46. ಇನ್ನು ಐಸಿಯುನಲ್ಲಿ ರೆಸಿಸ್ಟೆಂಟ್ (ಔಷಧ ನಾಟದ) ಬ್ಯಾಕ್ಟೀರಿಯಾ ಇರುವ ರೋಗಿಗಳು ಹೆಚ್ಚು ದಿನ ಇರುತ್ತಾರೆ, ಜ್ವರ ಬಂದಾಗಲೆಲ್ಲ ಅವರಿಂದ ಮತ್ತೆ ಮತ್ತೆ ಕಲ್ಚರ್ ಹೋಗುತ್ತದೆ. ಹಾಗೆ 11 ಮರುಐಸೊಲೇಟ್‌ಗಳು ಸೇರಿಕೊಂಡರೆ ಒಟ್ಟು 61ರಲ್ಲಿ 23, ಅಲ್ಲಿಗೆ ಶೇ 38. ಒಂದೇ ಆಸ್ಪತ್ರೆ, ಒಂದೇ ವರ್ಷ, ಅವೇ ಪ್ಲೇಟ್‌ಗಳು. ಅಂಕಿ ಮಾತ್ರ ಮೂರು: 72, 46, 38. ಮೊದಲ ಡೋಸ್ ನಿರ್ಧರಿಸಲು ನಿಮಗೆ ಬೇಕಾದದ್ದು ನಡುವಿನದು.

ರೋಗಿಗೊಂದೇ ಐಸೊಲೇಟ್ ಎಂಬ ಈ ನಿಯಮ ಪ್ರಯೋಗಾಲಯ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಎಂ39 ಮಾರ್ಗಸೂಚಿಯ ತಿರುಳು. ಅದರ 5ನೇ ಆವೃತ್ತಿ 2022ರಲ್ಲಿ ಬಂತು. ಪಟ್ಟಿ ಕನಿಷ್ಠ ವರ್ಷಕ್ಕೊಮ್ಮೆ ತಯಾರಾಗಬೇಕು. ಅಂತಿಮವಾಗಿ ಪರಿಶೀಲಿಸಿದ ಫಲಿತಾಂಶಗಳನ್ನಷ್ಟೇ ಸೇರಿಸಬೇಕು. ಒಂದು ಪ್ರಭೇದದ ಕನಿಷ್ಠ 30 ಐಸೊಲೇಟ್ ಇದ್ದರೆ ಮಾತ್ರ ಶೇಕಡಾವಾರು ಬರೆಯಬೇಕು. ರೋಗಿಯ ಆ ಅವಧಿಯ ಮೊದಲ ಐಸೊಲೇಟ್ ಮಾತ್ರ ಲೆಕ್ಕಕ್ಕೆ ಬರಬೇಕು, ಅದು ರಕ್ತದಿಂದ ಬಂದಿರಲಿ ಮೂತ್ರದಿಂದ ಬಂದಿರಲಿ. ರೋಗ ಪತ್ತೆಗೆ ಕಳುಹಿಸಿದ ಮಾದರಿಗಳಷ್ಟೇ ಇರಬೇಕು, ಮೂಗು ಅಥವಾ ಗುದದ ಸ್ಕ್ರೀನಿಂಗ್ ಸ್ವಾಬ್‌ಗಳು ಬೇಡ. ಕೊನೆಯದನ್ನು ಐಸಿಯುಗಳಲ್ಲಿ ಬಹಳ ಸಲ ಮರೆಯುತ್ತಾರೆ. ದಾಖಲಾತಿಯ ಹೊತ್ತಿನ ಸ್ಕ್ರೀನಿಂಗ್‌ನಲ್ಲಿ ಹುಡುಕುವುದೇ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ. ಅದಕ್ಕೆಂದೇ ಔಷಧ ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದವನ್ನು ಲೆಕ್ಕಕ್ಕೆ ತಂದರೆ ಸಂವೇದನೆ ತಾನಾಗಿ ಪಾತಾಳಕ್ಕಿಳಿಯುತ್ತದೆ.

ಈ ಮೊದಲ ಐಸೊಲೇಟ್ ನಿಯಮಕ್ಕೂ ಒಂದು ಕುರುಡು ಮೂಲೆಯಿದೆ. ಅದು ದಾಖಲಾತಿಯ ಆರಂಭದ ಚಿತ್ರವನ್ನು ಚೆನ್ನಾಗಿ ತೋರಿಸುತ್ತದೆ, ಮೂರನೇ ವಾರದ ಚಿತ್ರವನ್ನು ತೋರಿಸುವುದಿಲ್ಲ. ಸ್ಯೂಡೊಮೊನಾಸ್ ಮೆರೊಪೆನೆಮ್ ಚಿಕಿತ್ಸೆಯ ನಡುವೆಯೇ ತನ್ನ ಹೊರಪೊರೆಯ ಆಪ್ರ್‌ಡಿ ಎಂಬ ರಂಧ್ರ ಪ್ರೋಟೀನನ್ನು ಕಳೆದುಕೊಂಡು ರೆಸಿಸ್ಟೆಂಟ್ ಆಗಬಲ್ಲದು. ಎಂಟೆರೊಬ್ಯಾಕ್ಟರ್ ಸೆಫ್ಟ್ರಿಯಾಕ್ಸೋನ್ ನಡುವೆ ಆ ಔಷಧವನ್ನು ಒಡೆಯುವ ಆ್ಯಂಪ್‌ಸಿ ಕಿಣ್ವವನ್ನು ಹೇರಳವಾಗಿ ತಯಾರಿಸತೊಡಗಬಹುದು. ಹಾಗಾಗಿ ಐಸಿಯುನಲ್ಲಿ ಬಹಳ ದಿನ ಉಳಿಯುವ ರೋಗಿಗಳಿದ್ದರೆ ಎರಡನೇ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಮಾಡಿ: ದಾಖಲಾಗಿ 48 ಗಂಟೆ ಕಳೆದ ನಂತರ ತೆಗೆದ ಮಾದರಿಗಳಲ್ಲಿ ರೋಗಿಯ ಮೊದಲನೆಯದು. ಆಸ್ಪತ್ರೆಯಲ್ಲಿ ಅಂಟಿದ ಸೋಂಕಿಗೆ ನೋಡಬೇಕಾದ ಪಟ್ಟಿ ಅದೇ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಇನ್ನು ವಾರ್ಡ್‌ಗಳ ನಡುವೆ ಇಷ್ಟು ವ್ಯತ್ಯಾಸ ಏಕೆ? ಬ್ಯಾಕ್ಟೀರಿಯಾಗಳಿಗೆ ವಾರ್ಡ್‌ನ ಗೋಡೆ ಗೊತ್ತಿಲ್ಲ ನಿಜ, ಆದರೆ ಆ ಗೋಡೆಯೊಳಗಿನ ರೋಗಿಗಳು, ಔಷಧಗಳು, ಕೊಳವೆಗಳು ಬೇರೆ. ಹೊರರೋಗಿ ವಿಭಾಗಕ್ಕೆ ಬರುವ ಇ. ಕೊಲೈ ಸಮುದಾಯದಿಂದ ಬಂದದ್ದು. ಐಸಿಯುಗೆ ಬರುವ ರೋಗಿ ಆಗಲೇ ಎರಡು ಮೂರು ಔಷಧ ಪಡೆದು, ಬೇರೆ ವಾರ್ಡ್‌ನಲ್ಲಿ ವಾರ ಕಳೆದು ಬಂದಿರುತ್ತಾನೆ. ಕರುಳಿನ ಸೂಕ್ಷ್ಮಜೀವಿಗಳಲ್ಲಿ ಸೆನ್ಸಿಟಿವ್ ಇದ್ದವು ಆಗಲೇ ಸತ್ತು, ಉಳಿದವು ಜಾಗ ತುಂಬಿಕೊಂಡಿರುತ್ತವೆ. ಮೂತ್ರದ ಕ್ಯಾತೆಟರ್, ಉಸಿರಿನ ಕೊಳವೆ, ರಕ್ತನಾಳದ ಲೈನ್ ಇವೆಲ್ಲ ಬ್ಯಾಕ್ಟೀರಿಯಾ ಪದರ ಕಟ್ಟಿಕೊಳ್ಳುವ ತಾಣಗಳು. ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಗಳಲ್ಲೂ ವಾರಗಟ್ಟಲೆ ಬದುಕುತ್ತದೆ, ಸ್ಯೂಡೊಮೊನಾಸ್‌ಗೆ ಸಿಂಕಿನ ಕೊಳವೆಯ ತೇವ ಸಾಕು. ಸುಟ್ಟಗಾಯದ ವಾರ್ಡ್, ಡಯಾಲಿಸಿಸ್ ಘಟಕ, ನವಜಾತ ಶಿಶುಗಳ ಐಸಿಯು, ಕ್ಯಾನ್ಸರ್ ವಾರ್ಡ್ ಇವುಗಳಲ್ಲೂ ಆಯಾ ಜಾಗದ್ದೇ ಆದ ಬ್ಯಾಕ್ಟೀರಿಯಾ ಬಳಗ ಬೆಳೆದಿರುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಮುಖ್ಯ. ರೆಸಿಸ್ಟೆನ್ಸ್ ಜೀನ್‌ಗಳು ಬಹಳ ಸಲ ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಗೆ ದಾಟಬಲ್ಲ ಡಿಎನ್‌ಎ ತುಣುಕು) ಮೇಲೆ ಒಟ್ಟಿಗೆ ಸಾಗುತ್ತವೆ. ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆಯುವ ಇಎಸ್‌ಬಿಎಲ್ ಕಿಣ್ವದ ಜೀನ್ ಹೊತ್ತ ಪ್ಲಾಸ್ಮಿಡ್‌ನಲ್ಲಿ ಜೆಂಟಾಮೈಸಿನ್, ಕೊ-ಟ್ರೈಮಾಕ್ಸಜೋಲ್ ಇತ್ಯಾದಿಗಳಿಗೆ ತಡೆ ಒಡ್ಡುವ ಜೀನ್‌ಗಳೂ ಇರುವುದು ಸಾಮಾನ್ಯ. ವಾರ್ಡ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ ಇನ್ನೊಂದು ಔಷಧ ಹೆಚ್ಚಿಸಿದರೂ ಸೆಫ್ಟ್ರಿಯಾಕ್ಸೋನ್ ಸಂವೇದನೆ ಮೇಲೇಳದೆ ಇರುವುದಕ್ಕೆ ಇದೊಂದು ಕಾರಣ: ಹೊಸ ಔಷಧವೂ ಅದೇ ಪ್ಲಾಸ್ಮಿಡ್ಡನ್ನು ಸಾಕುತ್ತಿರುತ್ತದೆ. ಪಟ್ಟಿಯಲ್ಲಿ ಒಂದು ಔಷಧದ ಕಂಬ ಕುಸಿದಾಗ ಪಕ್ಕದ ಕಂಬಗಳನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಸಣ್ಣ ಸಂಖ್ಯೆಯ ಮಾತಿಗೆ ಬರೋಣ, ವಾರ್ಡ್‌ವಾರು ಪಟ್ಟಿಯ ದೊಡ್ಡ ತೊಡಕು ಅದೇ. ಮೇಲಿನ ಉದಾಹರಣೆಯ 50ರಲ್ಲಿ 23 ಎಂಬ ಶೇ 46ಕ್ಕೆ ಶೇ 95 ವಿಶ್ವಾಸದ ಮಿತಿ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಹಾಕಿದರೆ ಸುಮಾರು 33ರಿಂದ 60. ಹತ್ತು ಐಸೊಲೇಟ್‌ಗಳಲ್ಲಿ ಎಂಟು ಸೆನ್ಸಿಟಿವ್ ಇದ್ದರೆ ಶೇ 80 ಎಂದು ಬರೆಯಬಹುದು, ಆದರೆ ಆ ಮಿತಿ 49ರಿಂದ 94ರವರೆಗೆ ಹರಡಿರುತ್ತದೆ. 30ರಲ್ಲಿ 24 ಆದಾಗ 63ರಿಂದ 90. 100ರಲ್ಲಿ 80 ಆದಾಗ 71ರಿಂದ 87. 30 ಎಂಬ ಗಡಿ ದಾಟಿದ ಕೂಡಲೇ ಅಂಕಿ ಖಚಿತವಾಗುವುದಿಲ್ಲ, ಅದು ಕನಿಷ್ಠ ಮಟ್ಟ ಅಷ್ಟೇ. ವಾರ್ಡ್‌ನಲ್ಲಿ ಒಂದು ಪ್ರಭೇದ 30 ಮುಟ್ಟದಿದ್ದರೆ ಎರಡು ವರ್ಷ ಕೂಡಿಸಿ, ಇಲ್ಲವೇ ರೋಗಿಗಳ ಸ್ವರೂಪ ಒಂದೇ ಬಗೆಯಾಗಿರುವ ವಾರ್ಡ್‌ಗಳನ್ನು ಸೇರಿಸಿ. ಮೆಡಿಕಲ್ ಐಸಿಯು ಮತ್ತು ಸರ್ಜಿಕಲ್ ಐಸಿಯು ಸೇರಿಸಬಹುದು. ಐಸಿಯು ಮತ್ತು ಹೆರಿಗೆ ವಾರ್ಡ್ ಸೇರಿಸಿದರೆ ಎರಡಕ್ಕೂ ಸಲ್ಲದ ಅಂಕಿ ಸಿಗುತ್ತದೆ. ಪ್ರಭೇದಗಳನ್ನು ಕೂಡಿಸುವ ಆಮಿಷಕ್ಕೆ ಮಾತ್ರ ಬೀಳಬೇಡಿ. ‘ಎಲ್ಲ ಗ್ರಾಂ ನೆಗೆಟಿವ್’ ಎಂಬ ಒಂದೇ ಸಾಲಿನಲ್ಲಿ ಇ. ಕೊಲೈಯನ್ನೂ ಅಸಿನೆಟೊಬ್ಯಾಕ್ಟರನ್ನೂ ಹಾಕಿದರೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಹಾಗೇ ಸ್ಟ್ಯಾಫಿಲೊಕಾಕಸ್ ಔರಿಯಸ್ ಬೇರೆ, ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್ ಬೇರೆ. ಎರಡನೆಯದು ಒಂದೇ ಬಾಟಲಿಯಲ್ಲಿ ಬೆಳೆದಿದ್ದರೆ ಬಹುಮಟ್ಟಿಗೆ ಚರ್ಮದಿಂದ ಬೆರೆತದ್ದು, ರೋಗಕ್ಕೆ ಕಾರಣವಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಇದೇ ಎಚ್ಚರ. ಹೋದ ವರ್ಷ 50ರಲ್ಲಿ 31, ಈ ವರ್ಷ 50ರಲ್ಲಿ 24 ಸೆನ್ಸಿಟಿವ್ ಎಂದರೆ ಶೇ 62ರಿಂದ ಶೇ 48ಕ್ಕೆ ಇಳಿದಂತೆ ಕಾಣುತ್ತದೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಸಂಖ್ಯಾಶಾಸ್ತ್ರದ ಸಾಮಾನ್ಯ ಪರೀಕ್ಷೆಯಲ್ಲಿ ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ. ಮೂರು ನಾಲ್ಕು ವರ್ಷ ಒಂದೇ ದಿಕ್ಕಿನಲ್ಲಿ ಸಾಗಿದರೆ ಮಾತು ಬೇರೆ.

ಈಗ ನಿಮ್ಮ ಸಿಪ್ರೊಫ್ಲಾಕ್ಸಸಿನ್ ಪ್ರಶ್ನೆ. ಸಂವೇದನೆ ಒಮ್ಮೆಗೇ, ಅದೂ ಎಲ್ಲ ವಾರ್ಡ್‌ಗಳಲ್ಲಿ ಏಕಕಾಲಕ್ಕೆ ಕುಸಿದಿದ್ದರೆ ಬ್ಯಾಕ್ಟೀರಿಯಾವನ್ನು ಅನುಮಾನಿಸುವ ಮುಂಚೆ ಬ್ರೇಕ್‌ಪಾಯಿಂಟನ್ನು, ಅಂದರೆ ಸೆನ್ಸಿಟಿವ್ ಎಂದು ಕರೆಯಲು ಇಟ್ಟ ಮಿತಿಯನ್ನು, ಅನುಮಾನಿಸಿ. ಸಿಎಲ್‌ಎಸ್‌ಐ 2019ರಲ್ಲಿ ಇ. ಕೊಲೈ ಬಳಗಕ್ಕೆ ಸಿಪ್ರೊಫ್ಲಾಕ್ಸಸಿನ್‌ನ ಸೆನ್ಸಿಟಿವ್ ಮಿತಿಯನ್ನು ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಔಷಧ ಸಾಂದ್ರತೆ) 1ರಿಂದ 0.25 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್‌ಗೆ ಇಳಿಸಿತು. ಔಷಧದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯುವ ಡಿಸ್ಕ್ ವಿಧಾನದಲ್ಲಿ 21 ಮಿ.ಮೀ. ಇದ್ದದ್ದು 26 ಮಿ.ಮೀ. ಆಯಿತು. ಅಂದರೆ 23 ಮಿ.ಮೀ. ವಲಯ ಬಿಟ್ಟ ಇ. ಕೊಲೈ ಹಳೆಯ ಕೋಷ್ಟಕದಲ್ಲಿ ಸೆನ್ಸಿಟಿವ್, ಹೊಸದರಲ್ಲಿ ಅಲ್ಲ. ಬ್ಯಾಕ್ಟೀರಿಯಾ ಅದೇ. ಬಹಳಷ್ಟು ಪ್ರಯೋಗಾಲಯಗಳು ಇಂಥ ಬದಲಾವಣೆಯನ್ನು ತಡವಾಗಿ, ಸ್ವಯಂಚಾಲಿತ ಯಂತ್ರದ ಸಾಫ್ಟ್‌ವೇರ್ ನವೀಕರಿಸಿದ ದಿನ ಅಳವಡಿಸಿಕೊಳ್ಳುತ್ತವೆ. ಕುಸಿತ ಆ ತಿಂಗಳಿಂದಲೇ ಶುರುವಾಗಿದೆಯೇ ನೋಡಿ. ಹೌದಾದರೆ ಹಳೆಯ ವರ್ಷದ ಎಂಐಸಿ ಅಥವಾ ಮಿ.ಮೀ. ಅಳತೆಗಳನ್ನು ಹೊಸ ಮಿತಿಯಲ್ಲಿ ಮರುಓದಿಸಿ ಹೋಲಿಸಬೇಕು. ಅದಕ್ಕಾಗಿಯೇ ಎಸ್ (ಸೆನ್ಸಿಟಿವ್), ಐ (ಮಧ್ಯಮ), ಆರ್ (ರೆಸಿಸ್ಟೆಂಟ್) ಎಂಬ ಅಕ್ಷರಗಳನ್ನಷ್ಟೇ ಉಳಿಸಿ ಅಳತೆಯನ್ನು ಬಿಸಾಡುವ ದಾಖಲೆ ಪದ್ಧತಿ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ಉಚಿತ ಸಾಫ್ಟ್‌ವೇರ್ ವೊನೆಟ್‌ನಲ್ಲಿ ಅಳತೆಗಳನ್ನೇ ದಾಖಲಿಸಬಹುದು; ರೋಗಿಯ ಮೊದಲ ಐಸೊಲೇಟ್ ಆರಿಸುವ ಸೌಲಭ್ಯವೂ ಅದರಲ್ಲಿದೆ.

ಯುರೋಪಿನ ಯುಕಾಸ್ಟ್ ಮಾನದಂಡ ಬಳಸುವವರಿಗೆ ಇನ್ನೊಂದು ಗುಂಡಿಯಿದೆ. 2019ರಿಂದ ಅಲ್ಲಿ ‘ಐ’ ಎಂದರೆ ಮಧ್ಯಮ ಎಂದಲ್ಲ, ಔಷಧದ ಪ್ರಮಾಣ ಹೆಚ್ಚಿಸಿದರೆ ಸೆನ್ಸಿಟಿವ್ ಎಂದರ್ಥ. ಸ್ಯೂಡೊಮೊನಾಸ್ ವಿಷಯದಲ್ಲಿ ಸೆಫ್ಟಾಜಿಡೀಮ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಮೊದಲಾದವಕ್ಕೆ ಯಾವ ರೆಸಿಸ್ಟೆನ್ಸೂ ಇಲ್ಲದ ಸಹಜ ಬ್ಯಾಕ್ಟೀರಿಯಾ ಕೂಡ ‘ಐ’ ಎಂದೇ ವರದಿಯಾಗುತ್ತದೆ. ‘ಎಸ್’ ಮಾತ್ರ ಎಣಿಸುವ ಹಳೆಯ ಸೂತ್ರವನ್ನೇ ಓಡಿಸಿದರೆ ಸಂವೇದನೆ ಶೂನ್ಯ ಎಂದು ಬರುತ್ತದೆ. ಅಲ್ಲಿ ‘ಎಸ್’ ಮತ್ತು ‘ಐ’ ಕೂಡಿಸಿ, ಹೆಚ್ಚಿನ ಡೋಸ್ ಬೇಕು ಎಂದು ಅಡಿಯಲ್ಲಿ ಬರೆಯಬೇಕು. ಸಿಎಲ್‌ಎಸ್‌ಐ ಬಳಸುವವರು ‘ಐ’ ಕೂಡಿಸಬಾರದು. ಎರಡು ಮಾನದಂಡಗಳ ಫಲಿತಾಂಶಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಲೇಬಾರದು.

ಪ್ರಯೋಗಾಲಯ ತಾನು ಪರೀಕ್ಷಿಸಿದ ಎಲ್ಲ ಔಷಧಗಳನ್ನೂ ಲೆಕ್ಕಕ್ಕೆ ಕೊಟ್ಟಿದೆಯೇ ಎಂಬುದನ್ನೂ ಕೇಳಿ. ಮೊದಲ ಸಾಲಿನ ಔಷಧಕ್ಕೆ ಸೆನ್ಸಿಟಿವ್ ಇದ್ದರೆ ಮೇಲಿನ ಸಾಲಿನ ಔಷಧವನ್ನು ವರದಿಯಲ್ಲಿ ಮರೆಮಾಡುವುದು ಒಳ್ಳೆಯ ಪದ್ಧತಿಯೇ. ವೈದ್ಯರು ಸುಮ್ಮನೆ ಮೆರೊಪೆನೆಮ್ ಬರೆಯದಿರಲಿ ಎಂಬ ಉದ್ದೇಶ. ಆದರೆ ಆ್ಯಂಟಿಬಯೋಗ್ರಾಮ್‌ಗೆ ಮರೆಮಾಡಿದ ಫಲಿತಾಂಶವೂ ಬೇಕು. 100 ಇ. ಕೊಲೈಗಳಲ್ಲಿ 60 ಸೆಫ್ಟ್ರಿಯಾಕ್ಸೋನ್‌ಗೆ ರೆಸಿಸ್ಟೆಂಟ್, ಮೆರೊಪೆನೆಮ್ ಫಲಿತಾಂಶ ಅವಕ್ಕಷ್ಟೇ ಇದೆ, ಅವುಗಳಲ್ಲಿ 48 ಸೆನ್ಸಿಟಿವ್ ಎಂದುಕೊಳ್ಳಿ. ಪಟ್ಟಿ ಶೇ 80 ಎನ್ನುತ್ತದೆ. ಬಿಟ್ಟುಹೋದ 40ನ್ನೂ ಪರೀಕ್ಷಿಸಿ ಅವೆಲ್ಲ ಸೆನ್ಸಿಟಿವ್ ಬಂದರೆ ನಿಜವಾದ ಅಂಕಿ ಶೇ 88. ಕಂಬದಿಂದ ಕಂಬಕ್ಕೆ ಛೇದ ಬದಲಾಗುತ್ತಿದ್ದರೆ ಅದನ್ನು ಪ್ರತಿ ಚೌಕದಲ್ಲಿ ಬರೆಯಿರಿ. ಒಂದು ಔಷಧಕ್ಕೆ 100, ಪಕ್ಕದ್ದಕ್ಕೆ 60 ಎಂದು ಕಂಡ ಕೂಡಲೇ ಓದುವವರು ಎಚ್ಚರಗೊಳ್ಳುತ್ತಾರೆ.

ಪ್ಲೇಟಿನ ಮೇಲೆಯೇ ತಪ್ಪಾದರೆ ಎಣಿಕೆ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. 1966ರಲ್ಲಿ ಪ್ರಕಟವಾದ ಕಿರ್ಬಿ-ಬೌವರ್ ಡಿಸ್ಕ್ ವಿಧಾನದಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವಾದ ಮ್ಯುಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪವಿರಬೇಕು, ಪಿಎಚ್ 7.2ರಿಂದ 7.4. ಅಗಾರ್ ತೆಳುವಾದರೆ ಔಷಧ ಹೆಚ್ಚು ದೂರ ಹರಡಿ ವಲಯ ದೊಡ್ಡದಾಗುತ್ತದೆ, ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಸೆನ್ಸಿಟಿವ್ ಆಗಿ ಕಾಣುತ್ತದೆ. ದಪ್ಪವಾದರೆ ತಿರುಗುಮುರುಗು. ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫಾರ್ಲೆಂಡ್‌ಗೆ ಸರಿಹೊಂದಬೇಕು, ಅಂದರೆ ಮಿಲಿಲೀಟರ್‌ಗೆ ಸುಮಾರು 10ರಿಂದ 20 ಕೋಟಿ ಬ್ಯಾಕ್ಟೀರಿಯಾ. ಕಣ್ಣಂದಾಜಿನಲ್ಲಿ ಗಟ್ಟಿ ಮಾಡಿದರೆ ವಲಯ ಕುಗ್ಗಿ ಸುಳ್ಳು ರೆಸಿಸ್ಟೆನ್ಸ್ ಬರುತ್ತದೆ. ದ್ರಾವಣವನ್ನು 15 ನಿಮಿಷದೊಳಗೆ ಬಳಸಿ, ಸವರಿದ 15 ನಿಮಿಷದೊಳಗೆ ಡಿಸ್ಕ್ ಇಟ್ಟು, ಮತ್ತೆ 15 ನಿಮಿಷದೊಳಗೆ 35 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹಾಕಬೇಕು. ಸಾಮಾನ್ಯ ಗ್ರಾಂ ನೆಗೆಟಿವ್‌ಗಳನ್ನು 16ರಿಂದ 18 ಗಂಟೆಗೆ ಓದಬೇಕು.

ಮೆರೊಪೆನೆಮ್, ಇಮಿಪೆನೆಮ್ ಮತ್ತು ಕ್ಲಾವುಲನೇಟ್ ಸೇರಿದ ಡಿಸ್ಕ್‌ಗಳನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ಇವು ತೇವ ಮತ್ತು ಶಾಖಕ್ಕೆ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಫ್ರಿಜ್‌ನಿಂದ ತೆಗೆದ ಡಬ್ಬಿ ಕೋಣೆಯ ತಾಪಕ್ಕೆ ಬರುವ ಮೊದಲೇ ಮುಚ್ಚಳ ತೆರೆದರೆ ಒಳಗೆ ಹನಿಗಟ್ಟುತ್ತದೆ, ಡಿಸ್ಕ್ ಕೆಡುತ್ತದೆ, ವಾರ್ಡ್‌ನಲ್ಲಿ ಇಲ್ಲದ ಕಾರ್ಬಪೆನೆಮ್ (ಮೆರೊಪೆನೆಮ್ ಸೇರಿರುವ ಔಷಧ ಗುಂಪು) ರೆಸಿಸ್ಟೆನ್ಸ್ ಕಾಗದದ ಮೇಲೆ ಹುಟ್ಟುತ್ತದೆ. ಇದನ್ನು ಹಿಡಿಯಲು ದಾರಿ ಗುಣಮಟ್ಟ ನಿಯಂತ್ರಣದ ತಳಿಗಳು: ಇ. ಕೊಲೈ ಎಟಿಸಿಸಿ 25922, ಸ್ಯೂಡೊಮೊನಾಸ್ ಎಟಿಸಿಸಿ 27853. ಇವುಗಳ ವಲಯ ನಿಗದಿತ ಮಿತಿಯೊಳಗಿಲ್ಲದ ದಿನದ ಫಲಿತಾಂಶ ಹೊರಗೆ ಹೋಗಬಾರದು, ಆ್ಯಂಟಿಬಯೋಗ್ರಾಮ್‌ಗೂ ಸೇರಬಾರದು. ಇನ್ನು ಕೆಲವು ಜೋಡಿಗಳಿಗೆ ಡಿಸ್ಕ್ ವಿಧಾನವೇ ಸಲ್ಲದು. ಕೊಲಿಸ್ಟಿನ್ ದೊಡ್ಡ ಅಣು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಅದಕ್ಕೆ ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವ ಮಾಧ್ಯಮದಲ್ಲಿ ಬೆಳೆಸಿ ಎಂಐಸಿ ಅಳೆಯುವ ವಿಧಾನ) ಬೇಕು. ಸ್ಟ್ಯಾಫಿಲೊಕಾಕಸ್ ಔರಿಯಸ್‌ಗೆ ವ್ಯಾಂಕೊಮೈಸಿನ್ ಡಿಸ್ಕ್ ಇಡಬಾರದು, ಎಂಐಸಿ ಅಳೆಯಬೇಕು. ಪಟ್ಟಿಯಲ್ಲಿ ‘ಕೊಲಿಸ್ಟಿನ್ ಶೇ 100 ಸೆನ್ಸಿಟಿವ್’ ಎಂದು ಕಂಡರೆ ಯಾವ ವಿಧಾನ ಎಂದು ಮೊದಲು ಕೇಳಿ. ಸಿಎಲ್‌ಎಸ್‌ಐ 2020ರಲ್ಲಿ ಕೊಲಿಸ್ಟಿನ್‌ಗೆ ಸೆನ್ಸಿಟಿವ್ ಎಂಬ ವರ್ಗವನ್ನೇ ತೆಗೆದುಹಾಕಿ ಮಧ್ಯಮ ಮತ್ತು ರೆಸಿಸ್ಟೆಂಟ್ ಎರಡನ್ನಷ್ಟೇ ಉಳಿಸಿದೆ.

ಹುಟ್ಟಿನಿಂದಲೇ ಇರುವ ತಡೆಯನ್ನೂ ಪಟ್ಟಿಯಲ್ಲಿ ತೋರಿಸಬೇಕು. ಕ್ಲೆಬ್ಸಿಯೆಲ್ಲಾಗೆ ಆ್ಯಂಪಿಸಿಲಿನ್, ಪ್ರೋಟಿಯಸ್‌ಗೆ ಕೊಲಿಸ್ಟಿನ್ ಮತ್ತು ನೈಟ್ರೊಫ್ಯುರಾಂಟಾಯಿನ್, ಎಂಟೆರೊಕಾಕಸ್‌ಗೆ ಎಲ್ಲ ಸಾಮಾನ್ಯ ಸೆಫಲೊಸ್ಪೊರಿನ್‌ಗಳು, ಸ್ಯೂಡೊಮೊನಾಸ್‌ಗೆ ಸೆಫ್ಟ್ರಿಯಾಕ್ಸೋನ್ ಮತ್ತು ಎರ್ಟಪೆನೆಮ್, ಸ್ಟೆನೊಟ್ರೊಫೊಮೊನಾಸ್‌ಗೆ ಕಾರ್ಬಪೆನೆಮ್‌ಗಳು: ಇವುಗಳನ್ನು ಪರೀಕ್ಷಿಸುವುದೂ ಬೇಡ. ಆ ಚೌಕವನ್ನು ಖಾಲಿ ಬಿಟ್ಟರೆ ‘ಪರೀಕ್ಷಿಸಿಲ್ಲ’ ಎಂದು ಓದಿಕೊಳ್ಳುವವರಿರುತ್ತಾರೆ. ಸ್ಪಷ್ಟವಾಗಿ ‘ಸಹಜ ರೆಸಿಸ್ಟೆಂಟ್’ ಎಂದು ಬರೆಯಿರಿ. ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಆ ಲೆಕ್ಕ ಯಾವುದೆಂದರೆ ಔಷಧ ಆರಿಸುವುದು. ಹಾಸಿಗೆಯ ಪಕ್ಕ ನಿಂತಾಗ ನಿಮಗೆ ಬ್ಯಾಕ್ಟೀರಿಯಾದ ಹೆಸರು ಗೊತ್ತಿರುವುದಿಲ್ಲ, ಸೋಂಕಿನ ಜಾಗ ಮಾತ್ರ ಗೊತ್ತಿರುತ್ತದೆ. ಹಾಗಾಗಿ ಪ್ರಭೇದವಾರು ಪಟ್ಟಿಯನ್ನು ಸೋಂಕುವಾರು ಪಟ್ಟಿಯಾಗಿ ತಿರುಗಿಸಬೇಕು. ಕ್ಯಾತೆಟರ್ ಇರುವ ರೋಗಿಗಳ ಮೂತ್ರ ಸೋಂಕಿನಲ್ಲಿ ಒಂದು ವಾರ್ಡ್‌ನ ಪಾಲು ಹೀಗಿದೆ ಎಂದುಕೊಳ್ಳಿ: ಇ. ಕೊಲೈ ಶೇ 50, ಕ್ಲೆಬ್ಸಿಯೆಲ್ಲಾ 20, ಎಂಟೆರೊಕಾಕಸ್ 15, ಸ್ಯೂಡೊಮೊನಾಸ್ 15. ಅಮಿಕಾಸಿನ್ ಸಂವೇದನೆ ಅದೇ ಕ್ರಮದಲ್ಲಿ 95, 70, 0, 85. ಪಾಲಿಗೆ ಸಂವೇದನೆಯನ್ನು ಗುಣಿಸಿ ಕೂಡಿಸಿ: 47.5, 14, 0, 12.75, ಒಟ್ಟು ಸುಮಾರು 74. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ಗೆ 80, 60, 90, 80 ಎಂದಿದ್ದರೆ 40, 12, 13.5, 12, ಒಟ್ಟು 77.5. ಸೆಫ್ಟ್ರಿಯಾಕ್ಸೋನ್‌ಗೆ 40, 30, 0, 0 ಇದ್ದರೆ 26. ಇ. ಕೊಲೈ ಸಾಲನ್ನಷ್ಟೇ ನೋಡಿದವರು ಅಮಿಕಾಸಿನ್ ಶೇ 95 ಎಂದು ಭರವಸೆ ಇಡುತ್ತಾರೆ; ಇಡೀ ಸೋಂಕಿನ ಲೆಕ್ಕದಲ್ಲಿ ಅದು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ಗಿಂತ ಕೆಳಗಿದೆ. ಎಂಟೆರೊಕಾಕಸ್‌ನ ಸೊನ್ನೆಯನ್ನು ಬಿಟ್ಟಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಎರಡು ಔಷಧ ಕೂಡಿಸಬೇಕಾದ ಗಂಭೀರ ರೋಗಿಗಳಲ್ಲಿ ಶೇಕಡಾವಾರುಗಳನ್ನು ಮನಸ್ಸಿನಲ್ಲಿ ಕೂಡಿಸುವುದು ತಪ್ಪು ದಾರಿ. 100 ಸ್ಯೂಡೊಮೊನಾಸ್‌ಗಳಲ್ಲಿ 75 ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ಗೆ ಸೆನ್ಸಿಟಿವ್ ಇದ್ದರೆ ಕೇಳಬೇಕಾದದ್ದು, ಉಳಿದ 25ರಲ್ಲಿ ಎಷ್ಟಕ್ಕೆ ಎರಡನೇ ಔಷಧ ನಾಟುತ್ತದೆ ಎಂದು. ಸಿಪ್ರೊಫ್ಲಾಕ್ಸಸಿನ್ ಒಟ್ಟಾರೆ ಶೇ 70 ಇದ್ದರೂ ಆ 25ರಲ್ಲಿ ಐದಕ್ಕೆ ಮಾತ್ರ ನಾಟಿದರೆ ಜೋಡಿಯ ವ್ಯಾಪ್ತಿ 80. ಟೊಬ್ರಾಮೈಸಿನ್ 17ಕ್ಕೆ ನಾಟಿದರೆ 92. ರೆಸಿಸ್ಟೆನ್ಸ್‌ಗಳು ಒಟ್ಟಿಗೆ ಸಾಗುವುದರಿಂದ ಇದನ್ನು ಐಸೊಲೇಟ್‌ವಾರು ದಾಖಲೆಯಿಂದಲೇ ತೆಗೆಯಬೇಕು, ಸರಾಸರಿಗಳಿಂದ ತೆಗೆಯಲಾಗದು.

ಎಷ್ಟು ಶೇಕಡಾ ಇದ್ದರೆ ಸಾಕು? ಅದು ತಪ್ಪಿದರೆ ಆಗುವ ನಷ್ಟದ ಮೇಲೆ ನಿಂತಿದೆ. ಸರಳ ಮೂತ್ರಕೋಶದ ಸೋಂಕಿನಲ್ಲಿ ಕೊ-ಟ್ರೈಮಾಕ್ಸಜೋಲ್‌ಗೆ ರೆಸಿಸ್ಟೆನ್ಸ್ ಶೇ 20 ದಾಟಿದರೆ ಅದನ್ನು ಕುರುಡಾಗಿ ಆರಂಭಿಸಬೇಡಿ ಎಂಬ ಮಿತಿ ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿ ಮೊದಲ ಔಷಧ ನಾಟದಿದ್ದರೂ ಬದಲಿಸಲು ಸಮಯವಿರುತ್ತದೆ. ರಕ್ತದೊತ್ತಡ ಕುಸಿದ ಸೆಪ್ಸಿಸ್‌ನಲ್ಲಿ ಆ ಸಮಯವಿಲ್ಲ, ಶೇ 90ರ ಆಸುಪಾಸಿನ ವ್ಯಾಪ್ತಿ ಬೇಕು. ಹಾಗೆಂದು ಅತಿ ಹೆಚ್ಚು ಅಂಕಿ ಇರುವ ಔಷಧವನ್ನೇ ಎಲ್ಲರಿಗೂ ಬರೆದರೆ ಮುಂದಿನ ವರ್ಷ ಆ ಅಂಕಿ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯಾಟಿಕ್‌ಗಳನ್ನು ಆ್ಯಕ್ಸೆಸ್ (ಮೊದಲು ಬಳಸಬೇಕಾದವು), ವಾಚ್ (ಎಚ್ಚರದಿಂದ ಬಳಸಬೇಕಾದವು), ರಿಸರ್ವ್ (ಕೊನೆಯ ಆಯ್ಕೆಗೆ ಕಾದಿಟ್ಟವು) ಎಂದು ಮೂರು ಗುಂಪು ಮಾಡಿದೆ. ಸಾಕಷ್ಟು ವ್ಯಾಪ್ತಿ ಕೊಡುವ ಔಷಧ ಆ್ಯಕ್ಸೆಸ್ ಗುಂಪಿನಲ್ಲೇ ಇದ್ದರೆ ಅದನ್ನು ಆರಿಸಿ. ಪಟ್ಟಿಯಲ್ಲಿ ಔಷಧದ ಹೆಸರಿನ ಮೇಲೆ ಈ ಗುಂಪನ್ನೂ ಮುದ್ರಿಸುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಅಭ್ಯಾಸ.

ಸೋಂಕಿನ ಜಾಗವನ್ನು ಪಟ್ಟಿ ಅರಿಯದು. ಡ್ಯಾಪ್ಟೊಮೈಸಿನ್‌ಗೆ ಶೇ 100 ಸಂವೇದನೆ ಇದ್ದರೂ ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ಅದನ್ನು ನಿಷ್ಕ್ರಿಯಗೊಳಿಸುವುದರಿಂದ ನ್ಯುಮೋನಿಯಾಗೆ ಅದು ಸಲ್ಲದು. ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶಕ್ಕಷ್ಟೇ, ರಕ್ತದ ಸೋಂಕಿಗಲ್ಲ. ನ್ಯುಮೊಕಾಕಸ್‌ಗೆ ಪೆನಿಸಿಲಿನ್ ಮಿತಿ ಮೆನಿಂಜೈಟಿಸ್‌ನಲ್ಲಿ 0.06, ನ್ಯುಮೋನಿಯಾಗೆ ರಕ್ತನಾಳದಲ್ಲಿ ಕೊಡುವಾಗ 2 ಮೈಕ್ರೋಗ್ರಾಂ. ಈ ಎರಡನ್ನೂ ಬೇರೆ ಸಾಲುಗಳಲ್ಲಿ ಬರೆಯದಿದ್ದರೆ ಮಿದುಳಿನ ಸೋಂಕಿಗೆ ತಪ್ಪು ಔಷಧ ಹೋಗುತ್ತದೆ. ಹಾಗೆಯೇ ಉಸಿರಿನ ಕೊಳವೆಯ ಕಫದಲ್ಲಿ, ಬಹಳ ದಿನದ ಕ್ಯಾತೆಟರ್‌ನ ಮೂತ್ರದಲ್ಲಿ ಬೆಳೆದದ್ದೆಲ್ಲ ಸೋಂಕಲ್ಲ, ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾವೂ ಇರಬಹುದು. ರಕ್ತದ ಐಸೊಲೇಟ್‌ಗಳು ಸಾಕಷ್ಟಿದ್ದರೆ ಅವಕ್ಕೊಂದು ಪ್ರತ್ಯೇಕ ಸಾಲು ಇರಲಿ.

ನಿಮ್ಮ ಐಸಿಯು ಲೆಕ್ಕವನ್ನು ಮತ್ತೆ ಮಾಡುವಾಗ ರೆಸಿಸ್ಟೆಂಟ್ ಕ್ಲೆಬ್ಸಿಯೆಲ್ಲಾಗಳನ್ನು ದಿನಾಂಕ ಮತ್ತು ಹಾಸಿಗೆ ಸಂಖ್ಯೆಯ ಕ್ರಮದಲ್ಲೂ ಒಮ್ಮೆ ಜೋಡಿಸಿ ನೋಡಿ. ಒಂದೆರಡು ತಿಂಗಳಲ್ಲಿ, ಅಕ್ಕಪಕ್ಕದ ಹಾಸಿಗೆಗಳಲ್ಲಿ, ಎಲ್ಲ ಔಷಧಗಳಿಗೂ ಒಂದೇ ನಮೂನೆಯ ಎಸ್ ಮತ್ತು ಆರ್ ಸಾಲು ಕಂಡುಬಂದರೆ ಅದು ಒಂದೇ ತಳಿ ರೋಗಿಯಿಂದ ರೋಗಿಗೆ ದಾಟಿದ ಸೂಚನೆ. ಆಗ ಔಷಧ ಬದಲಿಸುವುದಕ್ಕಿಂತ ಮೊದಲು ಸೋಂಕು ನಿಯಂತ್ರಣ ತಂಡವನ್ನು ಕರೆಸಬೇಕು: ಕೈ ತೊಳೆಯುವಿಕೆ, ಸಿಂಕ್, ಹಂಚಿಕೊಂಡು ಬಳಸುವ ಉಪಕರಣ, ರೋಗಿಯನ್ನು ಪ್ರತ್ಯೇಕಿಸುವಿಕೆ. ಹರಡುವಿಕೆ ನಿಂತರೆ ಶೇ 46 ತಾನಾಗಿ ಏರಬಹುದು, ಯಾವ ಹೊಸ ಔಷಧವೂ ಬೇಕಾಗದೆ.

ಕೊನೆಯದಾಗಿ, ಎದುರಿಗಿರುವ ರೋಗಿಯ ಹಳೆಯ ಕಲ್ಚರ್ ವರದಿ ಇದ್ದರೆ ಅದು ವಾರ್ಡ್‌ನ ಯಾವ ಶೇಕಡಾವಾರಿಗಿಂತಲೂ ಹೆಚ್ಚು ತೂಕದ್ದು. ಇತ್ತೀಚಿನ ತಿಂಗಳುಗಳಲ್ಲಿ ಮೆರೊಪೆನೆಮ್ ರೆಸಿಸ್ಟೆಂಟ್ ಕ್ಲೆಬ್ಸಿಯೆಲ್ಲಾ ಬೆಳೆದಿದ್ದ ರೋಗಿಗೆ ಶೇ 46ರ ಲೆಕ್ಕ ಹಿಡಿಯಬೇಡಿ. ಹಳೆಯ ವರದಿ ಇಲ್ಲದಿದ್ದರೆ ಪಟ್ಟಿ ನೋಡಿ ಮೊದಲ ಡೋಸ್ ಕೊಡಿ, ಆದರೆ ಡೋಸ್ ಕೊಡುವ ಮೊದಲೇ ಎರಡು ಬೇರೆ ಜಾಗಗಳಿಂದ ರಕ್ತದ ಕಲ್ಚರ್ ತೆಗೆಯಿರಿ, ವಯಸ್ಕರಲ್ಲಿ ಬಾಟಲಿಗೆ 8ರಿಂದ 10 ಮಿಲಿಲೀಟರ್. 48ರಿಂದ 72 ಗಂಟೆಯಲ್ಲಿ ಆ ರೋಗಿಯದೇ ವರದಿ ಕೈಗೆ ಬಂದಾಗ ಪಟ್ಟಿಯನ್ನು ಬದಿಗಿಟ್ಟು, ವರದಿಗೆ ತಕ್ಕಂತೆ ಔಷಧವನ್ನು ಕಿರಿದಾಗಿಸಿ ಅಥವಾ ಬದಲಿಸಿ.